ನೀಲಿ ಪ್ಲಕಾರ್ಡ್ ಕಾರಿನದ್ದಲ್ಲ, ವ್ಯಕ್ತಿಯದ್ದು: ಕ್ಯಾಲಿಫೋರ್ನಿಯಾದ ನಿಯಮ, ದಂಡ, ಜೊತೆಗೆ ಬೆಂಗಳೂರಿನ ಮಾತು

ಹೊಂಗೆನೆರಳು:
ಊರಿಂದ ಅಪ್ಪ ಅಮ್ಮ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಅಂಗವಿಕಲರ ಪಾರ್ಕಿಂಗ್ ಪ್ಲಕಾರ್ಡ್ (ಕಾರಿನ ಕನ್ನಡಿಗೆ ನೇತುಹಾಕುವ ಗುರುತಿನ ಕಾರ್ಡ್) ಸಿಗುತ್ತದಾ, ಅದನ್ನು ಯಾವ ಕಾರಿಗೆ ಹಾಕಬಹುದು, ಅವರು ಕಾರಲ್ಲಿ ಇಲ್ಲದಾಗ ಏನು ಕಥೆ? ಇದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ, ಉತ್ತರಗಳು ಅಲ್ಲೊಂದು ಇಲ್ಲೊಂದು ಚೆದುರಿವೆ. ಗೊತ್ತಿದ್ದವರು ಒಂದೇ ಕಡೆ ಬರೆದಿಡೋಣ. ನಾನು ಅರ್ಜಿಯಿಂದ ಶುರು ಮಾಡುತ್ತೇನೆ.

ಇದನ್ನು ಕೊಡುವ ರಾಜ್ಯದ ವಾಹನ ಇಲಾಖೆ ಡಿಎಂವಿಯ ಅರ್ಜಿ ನಮೂನೆಯ ಹೆಸರು ಆರ್‌ಇಜಿ 195. ಶಾಶ್ವತ ತೊಂದರೆಗೆ ನೀಲಿ ಪ್ಲಕಾರ್ಡ್. ಅದಕ್ಕೆ ಶುಲ್ಕವಿಲ್ಲ. ನೀವು ಯಾವಾಗ ತೆಗೆದುಕೊಂಡರೂ ಅದರ ಅವಧಿ ಮುಗಿಯುವುದು ಬೆಸಸಂಖ್ಯೆಯ ವರ್ಷದ ಜೂನ್ 30ಕ್ಕೆ. ಮೊಣಕಾಲು ಶಸ್ತ್ರಚಿಕಿತ್ಸೆ, ಮೂಳೆ ಮುರಿತದಂಥ ತಾತ್ಕಾಲಿಕ ತೊಂದರೆಗೆ ಕೆಂಪು ಪ್ಲಕಾರ್ಡ್. ಅದಕ್ಕೆ 6 ಡಾಲರ್. 180 ದಿನ ಅಥವಾ ವೈದ್ಯರು ಬರೆದ ತಾರೀಕು, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಮೂರನೆಯದು ಪ್ರಯಾಣದ ಪ್ಲಕಾರ್ಡ್: ಶಾಶ್ವತ ತೊಂದರೆ ಇರುವ ಇಲ್ಲಿನ ನಿವಾಸಿಗೆ 30 ದಿನ, ಹೊರಗಿನಿಂದ ಬಂದವರಿಗೆ 90 ದಿನದವರೆಗೆ. ಬರುವ ಹಿರಿಯರಿಗೆ ಹೊಂದುವುದು ಈ ಮೂರನೆಯದು. ಬಂದ ಮೇಲೆ ಮಂಡಿ ಆಪರೇಷನ್ ಆಯಿತು ಎಂದರೆ ಕೆಂಪು.

ನಮೂನೆಯಲ್ಲಿ ವೈದ್ಯರ ಭಾಗ ಬೇರೆ ಇದೆ. ಅದನ್ನು ತುಂಬದೆ ಕಳಿಸಿದ ಅರ್ಜಿ ವಾಪಸ್ ಬರುತ್ತದೆ. ಕಾಲು ಅಥವಾ ಎರಡೂ ಕೈ ಕಳೆದುಕೊಂಡವರಾದರೆ, ಖುದ್ದಾಗಿ ಕಚೇರಿಗೆ ಹೋದಾಗ ಕಣ್ಣಿಗೆ ಕಾಣುವ ಸಂಗತಿ ಎಂದು ಸಿಬ್ಬಂದಿಯೇ ದೃಢೀಕರಿಸಬಹುದು. 2018ರಿಂದ ಪೂರ್ಣ ಹೆಸರು ಮತ್ತು ಹುಟ್ಟಿದ ತಾರೀಕಿನ ದಾಖಲೆಯನ್ನೂ ಕೊಡಬೇಕು. ಹೊರಗಿನಿಂದ ಬಂದವರ ಹತ್ತಿರ ಹೇಗೂ ಪಾಸ್‌ಪೋರ್ಟ್ ಇರುತ್ತದೆ. ಅರ್ಜಿಯಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆಯಿರಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಇರುತ್ತದೆ. ಎರಡೂ ಕಡೆ ಹೊಂದದೆ ಹೋದರೆ ಸುಮ್ಮನೆ ಎರಡನೇ ಸಲ ಓಡಾಡಬೇಕಾಗುತ್ತದೆ.

ಬಿಳಿಗೆರೆ:
ಊರಲ್ಲಿ ಮಾಡಿಸಿದ ಯುಡಿಐಡಿ (ಭಾರತ ಸರ್ಕಾರದ ಅಂಗವಿಕಲರ ಗುರುತಿನ) ಕಾರ್ಡ್ ಇದೆ, ಅದರಲ್ಲಿ ಶೇ 60 ಎಂದು ಬರೆದಿದೆ ಎನ್ನುವವರು ಅದನ್ನೇ ವೈದ್ಯಕೀಯ ದಾಖಲೆಯಾಗಿ ಕೊಡಬಹುದೇ? ಬರೀ ವಯಸ್ಸಾಗಿದೆ, ನಡೆದರೆ ಸುಸ್ತಾಗುತ್ತದೆ ಎನ್ನುವುದು ಸಾಕಾಗುತ್ತದೆಯೇ?

ಹೊಂಗೆನೆರಳು:
ಎರಡಕ್ಕೂ ಇಲ್ಲ ಎಂದೇ ಉತ್ತರ. ಇಲ್ಲಿ ಶೇಕಡಾವಾರು ಲೆಕ್ಕ ಇಲ್ಲವೇ ಇಲ್ಲ. ಕಾರಿನಿಂದ ಬಾಗಿಲವರೆಗೆ ಹೋಗಲು ಈ ಮನುಷ್ಯನಿಗೆ ಏನು ಅಡ್ಡಿ ಎಂಬುದನ್ನೇ ಕಾನೂನು ಕೇಳುತ್ತದೆ. ಕಾಲಿನ ಅಥವಾ ಎರಡೂ ಕೈಗಳ ಬಳಕೆ ಹೋಗಿದೆಯೇ, ಊರುಗೋಲು ವಾಕರ್ ಇಲ್ಲದೆ ಚಲಿಸಲು ಆಗುವುದಿಲ್ಲವೇ, ನಡೆದಾಟಕ್ಕೆ ತೀವ್ರ ಅಡ್ಡಿ ಮಾಡುವ ಕಾಯಿಲೆ ಪತ್ತೆಯಾಗಿದೆಯೇ ಎಂದು ನೋಡುತ್ತಾರೆ. ಹೃದಯದ ಕಾಯಿಲೆಯಾದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವರ್ಗೀಕರಣದ ಮೂರನೇ ಅಥವಾ ನಾಲ್ಕನೇ ದರ್ಜೆ ಆಗಿರಬೇಕು. ಶ್ವಾಸಕೋಶದ್ದಾದರೆ ಸ್ಪೈರೋಮೆಟ್ರಿ ಎಂಬ ಉಸಿರಿನ ಪರೀಕ್ಷೆಯಲ್ಲಿ ಒಂದು ಸೆಕೆಂಡಿಗೆ ಹೊರಬರುವ ಉಸಿರು 1 ಲೀಟರಿಗಿಂತ ಕಡಿಮೆ, ಅಥವಾ ಸುಮ್ಮನೆ ಕೂತಿದ್ದಾಗ ರಕ್ತದ ಆಮ್ಲಜನಕದ ಒತ್ತಡ 60 ಮಿ.ಮೀ. ಪಾದರಸಕ್ಕಿಂತ ಕಡಿಮೆ ಇರಬೇಕು. ದೃಷ್ಟಿದೋಷಕ್ಕೆ 20/200ರ ಮಿತಿ.

ಎರಡು ದೇಶಗಳ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಶ್ರವಣದೋಷ ಶೇ 60 ಇರುವವರಿಗೆ ಭಾರತದಲ್ಲಿ ಯುಡಿಐಡಿ ಸಿಗುತ್ತದೆ, ಆದರೆ ಇಲ್ಲಿ ಅದೊಂದರಿಂದ ಪ್ಲಕಾರ್ಡ್ ಸಿಗದು. ಅದೇ ಹತ್ತು ಹೆಜ್ಜೆಗೆ ಏದುಸಿರು ಬರುವ ಶ್ವಾಸಕೋಶದ ರೋಗಿಗೆ ಇಲ್ಲಿ ಪ್ಲಕಾರ್ಡ್ ಸಿಗುತ್ತದೆ, ಭಾರತದ ಕಾನೂನಿನ 21 ವೈಕಲ್ಯಗಳ ಪಟ್ಟಿಯಲ್ಲಿ ಆ ಕಾಯಿಲೆಯೇ ಇಲ್ಲ. ಹಾಗಾಗಿ ವೈದ್ಯರ ಹತ್ತಿರ ಹೋಗುವಾಗ ಊರಿನ ಎಕೋ, ಸ್ಪೈರೋಮೆಟ್ರಿ, ಎಕ್ಸ್‌ರೇ ವರದಿಗಳನ್ನು ಒಯ್ಯಿರಿ. ಯುಡಿಐಡಿಗಿಂತ ಅವು ಹೆಚ್ಚು ಕೆಲಸಕ್ಕೆ ಬರುತ್ತವೆ.

ದಂಡಪಟ್ಟಿ:
ಸಿಕ್ಕಿದ ಮೇಲೆ ಆಗುವ ತಪ್ಪುಗಳ ಬಗ್ಗೆ ಬರೆಯುತ್ತೇನೆ, ದುಡ್ಡು ಹೋಗುವುದು ಅಲ್ಲೇ.

ಪ್ಲಕಾರ್ಡ್ ಇಲ್ಲದೆ ನೀಲಿ ಜಾಗದಲ್ಲಿ, ಅಂದರೆ ಅಂಗವಿಕಲರಿಗೆ ಕಾಯ್ದಿಟ್ಟ ಪಾರ್ಕಿಂಗ್ ಜಾಗದಲ್ಲಿ, ನಿಲ್ಲಿಸಿದರೆ ರಾಜ್ಯದ ವಾಹನ ಸಂಹಿತೆಯ ಸೆಕ್ಷನ್ 22507.8. ಮೊದಲ ಸಲ 250ರಿಂದ 500 ಡಾಲರ್, ಎರಡನೇ ಸಲ 500ರಿಂದ 750, ಮೂರನೇ ಸಲದಿಂದ 750ರಿಂದ 1,000. ಬೇರೆಯವರ ಪ್ಲಕಾರ್ಡ್ ಬಳಸಿದರೆ ಸೆಕ್ಷನ್ 4461. ಅಲ್ಲಿ 250ರಿಂದ 1,000 ಡಾಲರ್ ದಂಡ, ಅದನ್ನು ಕ್ರಿಮಿನಲ್ ಮೊಕದ್ದಮೆಯಾಗಿ ನಡೆಸಿದರೆ ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ವೀಸಾದ ಮೇಲೆ ಇರುವವರು ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಪ್ಲಕಾರ್ಡ್ ಯಾವ ಕಾರಿಗೂ ಅಂಟಿದ್ದಲ್ಲ. ಬಾಡಿಗೆ ಕಾರಿಗೆ, ಮಗಳ ಕಾರಿಗೆ, ನೆರೆಯವರ ಕಾರಿಗೆ ಹಾಕಬಹುದು, ಆ ವ್ಯಕ್ತಿ ಆ ಪ್ರಯಾಣದಲ್ಲಿ ಇದ್ದರೆ ಮಾತ್ರ. ಇನ್ನೊಬ್ಬರು ಬಳಸುವಾಗ ಅಂಗವಿಕಲ ವ್ಯಕ್ತಿ ಜೊತೆಯಲ್ಲಿ ಅಥವಾ ತಕ್ಕಷ್ಟು ಹತ್ತಿರದಲ್ಲಿ ಇರಬೇಕು, ಅವರನ್ನು ಕರೆದೊಯ್ಯುವುದೇ ಉದ್ದೇಶವಾಗಿರಬೇಕು ಎಂದು ಕಾನೂನು ಹೇಳುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಅಮ್ಮನನ್ನು ಇಳಿಸಿ ಕಾರು ನಿಲ್ಲಿಸಲು ಹೋದರೆ ಸರಿ. ಒಳಗಿರುವ ಅಮ್ಮನನ್ನು ಕರೆತರಲು ಬಂದು ನಿಲ್ಲಿಸಿದರೂ ಸರಿ. ಅಮ್ಮ ಮನೆಯಲ್ಲಿ ಮಲಗಿದ್ದಾರೆ, ಅವರದೇ ಮಾತ್ರೆ ತರಲು ಬಂದೆ ಎಂದರೆ ಅದು ದುರ್ಬಳಕೆ. ಕೆಲಸ ಅವರದ್ದೇ ಇರಬಹುದು, ಪ್ರಯಾಣ ಅವರದ್ದಲ್ಲವಲ್ಲ.

ಅಧಿಕಾರಿ ಕೇಳಿದರೆ ಪ್ಲಕಾರ್ಡ್ ಜೊತೆ ಬಂದ ನೋಂದಣಿ ಚೀಟಿ ಮತ್ತು ಗುರುತಿನ ಚೀಟಿ ತೋರಿಸಬೇಕು. ಸೆಕ್ಷನ್ 22511.56ರ ಪ್ರಕಾರ ತೋರಿಸದೆ ಹೋದರೆ ದುರ್ಬಳಕೆ ನಡೆದಿದೆ ಎಂದೇ ಭಾವಿಸಲಾಗುತ್ತದೆ, ಅದು ಸುಳ್ಳೆಂದು ಸಾಬೀತು ಮಾಡುವ ಹೊರೆ ನಿಮ್ಮದು. ಬೇರೆಯವರು ಬಳಸುತ್ತಿದ್ದರೆ ಪ್ಲಕಾರ್ಡನ್ನು ಅಲ್ಲೇ ಕಸಿದುಕೊಳ್ಳುವ ಅಧಿಕಾರವೂ ಇದೆ. ಡಿಎಂವಿಯ ತನಿಖಾಧಿಕಾರಿಗಳು ಇದಕ್ಕೆಂದೇ ಕಾರ್ಯಾಚರಣೆ ಮಾಡುತ್ತಾರೆ. ಆ ಚೀಟಿಯನ್ನು ಮನೆಯ ಡ್ರಾಯರಿನಲ್ಲಿ ಇಡುವ ರೂಢಿ ಬಹಳ ಜನಕ್ಕಿದೆ. ಅದು ಪ್ಲಕಾರ್ಡ್ ಜೊತೆಗೇ ಇರಬೇಕು.

ಬಿಳಿಗೆರೆ:
ಪ್ಲಕಾರ್ಡ್ ಇದೆ, ಆದರೆ ನೇತುಹಾಕಲು ಮರೆತರೆ? ಅಥವಾ ಸೀಟಿನ ಕೆಳಗೆ ಬಿದ್ದಿದ್ದರೆ?

ದಂಡಪಟ್ಟಿ:
ಟಿಕೆಟ್ ಖಂಡಿತ ಬರುತ್ತದೆ. ಆದರೆ ಆ ದಿನ ನಿಮ್ಮ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಪ್ಲಕಾರ್ಡ್ ಇತ್ತು ಎಂದು ತೋರಿಸಿದರೆ, ದಂಡದ ಬದಲು 25 ಡಾಲರಿಗೆ ಮೀರದ ಆಡಳಿತ ಶುಲ್ಕ ತೆಗೆದುಕೊಂಡು ಟಿಕೆಟ್ ರದ್ದು ಮಾಡಲು ಸೆಕ್ಷನ್ 40226 ಅವಕಾಶ ಕೊಡುತ್ತದೆ. ಗಡುವು ಗಮನಿಸಿ. ಟಿಕೆಟ್ ಬಂದ 21 ದಿನದೊಳಗೆ ಮೊದಲ ಪರಿಶೀಲನೆ ಕೇಳಬೇಕು. ಅದು ನಿಮ್ಮ ವಿರುದ್ಧ ಬಂದರೆ ಮತ್ತೆ 21 ದಿನದೊಳಗೆ ಆಡಳಿತಾತ್ಮಕ ವಿಚಾರಣೆ ಕೇಳಬೇಕು. ಅಲ್ಲೂ ಸೋತರೆ 30 ದಿನದೊಳಗೆ ಸುಪೀರಿಯರ್ ಕೋರ್ಟ್. ಮೊದಲ ಹಂತಕ್ಕೆ ಪ್ಲಕಾರ್ಡಿನ ಎರಡೂ ಬದಿಯ ಫೋಟೊ, ನೋಂದಣಿ ಚೀಟಿಯ ಪ್ರತಿ, ಟಿಕೆಟ್ ಸಂಖ್ಯೆ ಸಾಕು. ಉದ್ದದ ವಿವರಣೆ ಬೇಡ.

ಗಾಡಿ ಓಡುವಾಗ ಪ್ಲಕಾರ್ಡನ್ನು ಕನ್ನಡಿಯಿಂದ ತೆಗೆದಿಡಬೇಕು, ಅದು ನೋಟಕ್ಕೆ ಅಡ್ಡ ಬರುತ್ತದೆ. ನಿಲ್ಲಿಸಿದ ಮೇಲೆ ಸಂಖ್ಯೆ ಮತ್ತು ತಾರೀಕು ಹೊರಗಿನಿಂದ ಓದಲು ಆಗುವಂತೆ ಹಾಕಬೇಕು. ತಾರೀಕು ಕಾಣದ ಹಾಗೆ ತಿರುಗಿಕೊಂಡಿದ್ದರೂ ಟಿಕೆಟ್ ಬರಬಹುದು.

ಕಟ್ಟಡನಕ್ಷೆ:
ಪ್ಲಕಾರ್ಡ್ ಇರುವವರೇ ಮಾಡುವ ಒಂದು ತಪ್ಪಿನ ಬಗ್ಗೆ ಹೇಳಲೇಬೇಕು. ನೀಲಿ ಜಾಗದ ಪಕ್ಕದ ಓರೆ ಗೆರೆಗಳ ಪಟ್ಟಿ. ಅದರ ಮೇಲೆ ಯಾರೂ ನಿಲ್ಲಿಸುವಂತಿಲ್ಲ, ಪ್ಲಕಾರ್ಡ್ ಇದ್ದರೂ ಇಲ್ಲ, ಐದೇ ನಿಮಿಷಕ್ಕೂ ಇಲ್ಲ. ಅದೇ 22507.8ರ (ಸಿ) ಭಾಗ ಇದಕ್ಕೆಂದೇ ಇದೆ. ಗೆರೆಯ ಮೇಲೆ ಚಕ್ರ ಇದ್ದರೂ ತಪ್ಪು.

ಆ ಪಟ್ಟಿಯ ಕೆಲಸ ಏನು ಎಂದು ಹತ್ತಿರದಿಂದ ನೋಡಿ. ವ್ಯಾನಿನ ಪಕ್ಕದ ಬಾಗಿಲು ಸರಿಯುತ್ತದೆ, ಒಳಗಿಂದ ರ್ಯಾಂಪ್ ಬಿಚ್ಚಿ ನೆಲ ಮುಟ್ಟುತ್ತದೆ. ರ್ಯಾಂಪಿನ ಉದ್ದವೇ ನಾಲ್ಕೈದು ಅಡಿ. ಅದರ ತುದಿಯಿಂದ ಇಳಿದ ಗಾಲಿಕುರ್ಚಿ ತಿರುಗಲು 60 ಅಂಗುಲದ ವೃತ್ತ ಬೇಕು. ಮರಳಿ ಬಂದಾಗ ಆ ಪಟ್ಟಿಯಲ್ಲಿ ಒಂದು ಮೋಟರ್‌ಸೈಕಲ್ಲೋ ಎರಡು ಶಾಪಿಂಗ್ ಗಾಡಿಗಳೋ ನಿಂತಿದ್ದರೆ ರ್ಯಾಂಪ್ ಬಿಚ್ಚಲು ಆಗುವುದಿಲ್ಲ, ಆ ಮನುಷ್ಯ ತನ್ನ ಗಾಡಿಯ ಹೊರಗೇ ಉಳಿಯುತ್ತಾನೆ. ಬೇರೆಯವರಿಗೆ ನೀಲಿ ಜಾಗ ಸಿಗದಿದ್ದರೆ ದೂರ ನಡೆಯಬೇಕಾಗುತ್ತದೆ, ಗಾಲಿಕುರ್ಚಿಯವರಿಗೆ ಈ ಪಟ್ಟಿ ಸಿಗದಿದ್ದರೆ ಮನೆಗೇ ಹೋಗಲಾಗುವುದಿಲ್ಲ.

ಅಳತೆಗಳು: ಎಡಿಎ ಎಂಬ ಫೆಡರಲ್ ಅಂಗವಿಕಲರ ಕಾನೂನಿನ 2010ರ ಮಾನದಂಡದಲ್ಲಿ ಕಾರಿನ ಜಾಗ 96 ಅಂಗುಲ, ಪಕ್ಕದ ಪಟ್ಟಿ 60 ಅಂಗುಲ. ವ್ಯಾನಿಗೆ 132 ಮತ್ತು 60, ಇಲ್ಲವೇ 96 ಮತ್ತು 96. ಕ್ಯಾಲಿಫೋರ್ನಿಯಾ ಕಟ್ಟಡ ಸಂಹಿತೆ ಇನ್ನೂ ಬಿಗಿ: ಕಾರಿನ ಜಾಗ 9 ಅಡಿ ಅಗಲ, 18 ಅಡಿ ಉದ್ದ. ವ್ಯಾನಿನ ಜಾಗ 12 ಅಡಿ ಅಗಲವಿದ್ದು 5 ಅಡಿ ಪಟ್ಟಿ, ಅಥವಾ 9 ಅಡಿ ಜಾಗಕ್ಕೆ 8 ಅಡಿ ಪಟ್ಟಿ. ಪಟ್ಟಿಯೊಳಗೆ ‘ನೋ ಪಾರ್ಕಿಂಗ್’ ಎಂದು 12 ಅಂಗುಲ ಎತ್ತರದ ಅಕ್ಷರಗಳಲ್ಲಿ ಬರೆದಿರಬೇಕು. ಕನಿಷ್ಠ ದಂಡ 250 ಡಾಲರ್ ಎಂಬ ಫಲಕವೂ ಬೇಕು.

ಸಂಖ್ಯೆಯ ಲೆಕ್ಕ: 1ರಿಂದ 25 ಜಾಗಗಳ ಪಾರ್ಕಿಂಗಿಗೆ 1, 26ರಿಂದ 50ಕ್ಕೆ 2, 51ರಿಂದ 75ಕ್ಕೆ 3, 76ರಿಂದ 100ಕ್ಕೆ 4. 501ರಿಂದ 1,000ದವರೆಗೆ ಶೇ 2. ಇವುಗಳಲ್ಲಿ ಪ್ರತಿ ಆರಕ್ಕೆ ಒಂದು ವ್ಯಾನಿನದ್ದು. ಇರುವುದು ಒಂದೇ ಆದರೆ ಆ ಒಂದೂ ವ್ಯಾನಿನದ್ದೇ ಆಗಿರಬೇಕು.

ದೇವಸ್ಥಾನ, ಸಂಘದ ಸಭಾಂಗಣ ಕಟ್ಟಿಸುವವರು ಸಾಮಾನ್ಯವಾಗಿ ಎಡವುವುದು ಇಳಿಜಾರಿನಲ್ಲಿ. 48ಕ್ಕೆ 1ಕ್ಕಿಂತ ಹೆಚ್ಚಿನ ಇಳಿಜಾರು ಯಾವ ದಿಕ್ಕಿಗೂ ಇರಬಾರದು. ಐದು ಅಡಿ ಅಗಲದ ಪಟ್ಟಿಯಲ್ಲಿ ಅದು ಬರೀ ಒಂದೂಕಾಲು ಅಂಗುಲ. ಮಳೆನೀರು ಹರಿಯಲಿ ಎಂದು ಡಾಂಬರಿನವರು ಎರಡು ಅಂಗುಲ ಇಳಿಸಿದರೆ ಗಾಲಿಕುರ್ಚಿ ತಾನಾಗಿ ಜಾರುತ್ತದೆ. ಆಮೇಲೆ ಕಿತ್ತು ಮತ್ತೆ ಹಾಕಬೇಕು. ಡಾಂಬರು ಹಾಕುವ ದಿನವೇ ಎರಡು ಅಡಿಯ ಡಿಜಿಟಲ್ ಲೆವೆಲ್ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. 2.08ಕ್ಕಿಂತ ಹೆಚ್ಚು ಶೇಕಡಾ ತೋರಿಸಿದರೆ ಅಲ್ಲೇ ನಿಲ್ಲಿಸಿ.

ಹೊಂಗೆನೆರಳು:
ಇದು ಬಹಳ ಬೇಕಿದ್ದ ಮಾತು. ರಸ್ತೆ ಬದಿಯದನ್ನೂ ಸೇರಿಸಿಬಿಡುತ್ತೇನೆ. ಫುಟ್‌ಪಾತಿನ ಅಂಚಿಗೆ ಬಳಿದ ಬಣ್ಣ ನೋಡಿ: ನೀಲಿ ಅಂಚಿನಲ್ಲಿ ನಿಲ್ಲಿಸಬಹುದು. ಹಸಿರು ಅಂಚಿನ ಕಾಲಮಿತಿ ಪ್ಲಕಾರ್ಡ್ ಇದ್ದವರಿಗೆ ಅನ್ವಯಿಸದು. ರಸ್ತೆಯ ಮೀಟರಿಗೆ ದುಡ್ಡು ಹಾಕಬೇಕಿಲ್ಲ. ನಿವಾಸಿಗಳ ಪರ್ಮಿಟ್ ಇರುವ ಬೀದಿಯಲ್ಲೂ ನಿಲ್ಲಿಸಬಹುದು. ಕೆಂಪು, ಹಳದಿ, ಬಿಳಿ ಅಂಚುಗಳಿಗೆ ಪ್ಲಕಾರ್ಡಿನಿಂದ ಯಾವ ವಿನಾಯಿತಿಯೂ ಇಲ್ಲ. ರಸ್ತೆ ಗುಡಿಸುವ ದಿನದ ನಿಷೇಧವೂ ಎಲ್ಲರಿಗೂ ಒಂದೇ. ಖಾಸಗಿ ಗ್ಯಾರೇಜಿನ ಗೇಟಿನಲ್ಲಿ ಶುಲ್ಕ ಕೇಳಿದರೆ ಕೊಡಬೇಕು, ಮೀಟರಿನ ವಿನಾಯಿತಿಯನ್ನು ಅಲ್ಲಿ ವಾದಿಸಿ ಪ್ರಯೋಜನವಿಲ್ಲ.

ತುಂಗಾತೀರ:
ಆ ಮೀಟರಿನ ವಿನಾಯಿತಿಯೇ ದುರ್ಬಳಕೆಯ ಬೇರು ಎಂದು ನನ್ನ ಅಭಿಪ್ರಾಯ. ದಿನವಿಡೀ ಪೇಟೆಯ ನಡುವೆ ಪುಕ್ಕಟೆ ನಿಲ್ಲಿಸಬಹುದು ಎಂದಾದರೆ ಆ ಕಾರ್ಡಿಗೆ ಒಂದು ಬೆಲೆ ಬರುತ್ತದೆ. ಯುಸಿಎಲ್‌ಎಯ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಇದನ್ನೇ ವರ್ಷಗಟ್ಟಲೆ ವಾದಿಸಿದರು. ಮಿಷಿಗನ್ ರಾಜ್ಯ 1995ರಲ್ಲಿ ಎರಡು ಹಂತ ಮಾಡಿತು: ಕಾಯ್ದಿಟ್ಟ ಜಾಗ ಎಲ್ಲ ಪ್ಲಕಾರ್ಡಿನವರಿಗೂ, ಪುಕ್ಕಟೆ ಮೀಟರ್ ಮಾತ್ರ ಮೀಟರನ್ನು ಬಳಸಲು ದೈಹಿಕವಾಗಿ ಆಗದವರಿಗೆ. ಇಲಿನಾಯ್ 2014ರಲ್ಲಿ ಅದೇ ದಾರಿ ಹಿಡಿಯಿತು. ಪೋರ್ಟ್‌ಲ್ಯಾಂಡ್ ನಗರವೂ ಅದೇ ವರ್ಷ ಪ್ಲಕಾರ್ಡಿನವರಿಂದ ಮೀಟರ್ ಶುಲ್ಕ ತೆಗೆದುಕೊಳ್ಳಲು ಶುರು ಮಾಡಿ, ಗಾಲಿಕುರ್ಚಿ ಬಳಸುವವರಿಗೆ ವಿನಾಯಿತಿ ಉಳಿಸಿತು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಎಲ್ಲರಿಗೂ ಪುಕ್ಕಟೆಯೇ.

ಬಿಳಿಗೆರೆ:
ಒಪ್ಪುವುದು ಕಷ್ಟ. ಮೀಟರ್ ಇರುವುದು ಫುಟ್‌ಪಾತಿನ ಮೇಲೆ. ಕಾರಿನಿಂದ ಇಳಿದು, ಅಂಚು ಹತ್ತಿ, ಮೀಟರಿನವರೆಗೆ ಹೋಗಿ, ಎರಡು ಗಂಟೆಗೆ ಮತ್ತೆ ಬಂದು ದುಡ್ಡು ಹಾಕುವುದೇ ಆಗದ ಕೆಲಸ ಎಂದು ಕೊಟ್ಟ ವಿನಾಯಿತಿ ಅದು. ಪಾರ್ಕಿನ್ಸನ್ ಇರುವವರಿಗೆ ಗಾಲಿಕುರ್ಚಿ ಇರುವುದಿಲ್ಲ, ಬೆರಳು ಮಾತ್ರ ನಾಣ್ಯ ಹಿಡಿಯುವುದಿಲ್ಲ. ಗೆರೆ ಎಲ್ಲಿ ಎಳೆಯುತ್ತೀರಿ?

ತುಂಗಾತೀರ:
ಗೆರೆ ಎಳೆಯುವುದು ವೈದ್ಯರ ಭಾಗದಲ್ಲೇ. ಅದೇ ನಮೂನೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಲಿ: ಮೀಟರ್ ಮುಟ್ಟಲು, ನಾಣ್ಯ ಹಾಕಲು ಆಗುತ್ತದೆಯೇ? ಪಾರ್ಕಿನ್ಸನ್‌ನವರು ಅಲ್ಲೇ ಬರುತ್ತಾರೆ. ಫೋನಿನಲ್ಲಿ ದುಡ್ಡು ಕಟ್ಟುವ ಅನುಕೂಲ ಬಂದಿದೆ ನಿಜ, ಆದರೆ ಎಲ್ಲ ಹಿರಿಯರಿಗೂ ಅದು ಆಗದು ಎಂಬುದನ್ನು ಒಪ್ಪುತ್ತೇನೆ. ದಂಡ ಏರಿಸುವುದರಿಂದ ಮಾತ್ರ ದುರ್ಬಳಕೆ ನಿಲ್ಲದು. ಡ್ಯಾಶ್‌ಬೋರ್ಡಿನ ಕಾರ್ಡ್ ನೋಡಿ ಅದು ಯಾರದ್ದು ಎಂದು ಅಧಿಕಾರಿಗೆ ಗೊತ್ತಾಗುವುದಿಲ್ಲ. ಆ ವ್ಯಕ್ತಿ ಕಾರಿಗೆ ಮರಳುವವರೆಗೆ ಕಾಯಬೇಕು. ಒಂದು ಪ್ರಕರಣಕ್ಕೆ ಅರ್ಧ ದಿನ ಹೋಗಬಹುದು.

ದಂಡಪಟ್ಟಿ:
ಆ ಮಾತು ನಿಜ. 2017ರಲ್ಲಿ ರಾಜ್ಯದ ಲೆಕ್ಕಪರಿಶೋಧಕರ ವರದಿ ಇನ್ನೊಂದು ತೂತನ್ನು ತೋರಿಸಿತು: ತೀರಿಹೋದವರ ಹೆಸರಿನಲ್ಲಿ ಚಾಲ್ತಿಯಲ್ಲಿದ್ದ ಪ್ಲಕಾರ್ಡುಗಳು ಸುಮಾರು 35,000. ಎರಡು ವರ್ಷಕ್ಕೊಮ್ಮೆ ಯಾರೂ ಕೇಳದೆಯೇ ಅಂಚೆಯಲ್ಲಿ ಹೊಸದು ಬರುತ್ತಿದ್ದುದೇ ಅದಕ್ಕೆ ಕಾರಣ. ಆ ವರ್ಷದ ಎಸ್‌ಬಿ 611 ಮಸೂದೆಯಿಂದ ಬದಲಾವಣೆ ಬಂತು. ಈಗ ಆರು ವರ್ಷಕ್ಕೊಮ್ಮೆ ಹೌದು, ನನಗೆ ಇನ್ನೂ ಬೇಕು ಎಂದು ಸಹಿ ಮಾಡಿ ಕಳಿಸಬೇಕು. ಕಳೆದುಹೋಯಿತು ಎಂದು ಬದಲಿ ಪಡೆಯುವುದಕ್ಕೂ ಎರಡು ವರ್ಷದಲ್ಲಿ ನಾಲ್ಕು ಎಂಬ ಮಿತಿ ಇದೆ, ಮೀರಿದರೆ ವೈದ್ಯರ ಪ್ರಮಾಣಪತ್ರ ಮತ್ತೆ ಬೇಕು. ವಿಳಾಸ ಬದಲಾದಾಗ ಡಿಎಂವಿಗೆ ತಿಳಿಸದೆ ಇದ್ದವರಿಗೆ ಆ ಸಹಿಯ ನೋಟಿಸೇ ತಲುಪುವುದಿಲ್ಲ, ಜುಲೈ ಒಂದಕ್ಕೆ ಪ್ಲಕಾರ್ಡ್ ಸತ್ತಿರುತ್ತದೆ.

ಹಿರಿಯರು ತೀರಿಕೊಂಡರೆ 60 ದಿನದೊಳಗೆ ಪ್ಲಕಾರ್ಡನ್ನು ಡಿಎಂವಿಗೆ ಮರಳಿಸಬೇಕು. ದುಃಖದ ದಿನಗಳಲ್ಲಿ ಇದು ನೆನಪಿಗೆ ಬರುವುದಿಲ್ಲ, ಕಾರಿನ ಗ್ಲೋವ್ ಬಾಕ್ಸಿನಲ್ಲೇ ಉಳಿದುಬಿಡುತ್ತದೆ. ಮರಣ ಪ್ರಮಾಣಪತ್ರದ ಕೆಲಸಗಳ ಪಟ್ಟಿಯಲ್ಲೇ ಇದನ್ನೂ ಬರೆದುಕೊಳ್ಳಿ.

ಬಿಳಿಗೆರೆ:
ಭಾರತದಲ್ಲಿ ಇದಕ್ಕೆ ಸಮನಾದದ್ದು ಏನಿದೆ? ಬೆಂಗಳೂರಿಗೆ ಹೋದಾಗ ಇಲ್ಲಿನ ಪ್ಲಕಾರ್ಡ್ ತೋರಿಸಿದರೆ ನಡೆಯುತ್ತದೆಯೇ?

ತುಂಗಾತೀರ:
ಕಾನೂನಿನ ಬಲ ಇಲ್ಲ. ಕಾವಲುಗಾರ ಚಿಹ್ನೆ ನೋಡಿ ಬಿಟ್ಟರೆ ಅದು ಅವರ ಒಳ್ಳೆಯತನ.

ನಮ್ಮಲ್ಲಿ ಕಟ್ಟಡದ ನಿಯಮ ಇದೆ, ಪರ್ಮಿಟ್ಟಿನ ನಿಯಮ ಇಲ್ಲ. ಎಲ್ಲ ತೊಡಕೂ ಅಲ್ಲಿಂದಲೇ ಹುಟ್ಟುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 41ನೇ ಪ್ರಕರಣ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ಪಾರ್ಕಿಂಗ್ ಜಾಗವನ್ನು ಹೆಸರಿಸಿಯೇ ಹೇಳುತ್ತದೆ. 44ನೇ ಪ್ರಕರಣದ ಪ್ರಕಾರ ಸುಗಮ್ಯತೆಯ ಮಾನದಂಡ ಪಾಲಿಸದ ನಕ್ಷೆಗೆ ಅನುಮತಿಯನ್ನೂ ಕೊಡುವಂತಿಲ್ಲ, ಕಟ್ಟಡ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳಿಗೆ 45ನೇ ಪ್ರಕರಣ ಕೊಟ್ಟ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ. ಪಾರ್ಕಿಂಗ್ ಜಾಗದ ಅಳತೆಯೂ ಇದೆ: ಮುಖ್ಯ ದ್ವಾರದಿಂದ 30 ಮೀಟರ್ ಒಳಗೆ, 3.6 ಮೀಟರ್ ಅಗಲ, 5 ಮೀಟರ್ ಉದ್ದ. ಆ 3.6ರಲ್ಲಿ 1.2 ಮೀಟರ್ ಗಾಲಿಕುರ್ಚಿ ಇಳಿಸುವ ಪಟ್ಟಿ.

ಆದರೆ ಆ ಜಾಗದಲ್ಲಿ ಯಾರು ನಿಲ್ಲಿಸಬಹುದು? ದೇಶವ್ಯಾಪಿ ಪಾರ್ಕಿಂಗ್ ಪರ್ಮಿಟ್ ಇಲ್ಲ. ಯುಡಿಐಡಿ ಜೇಬಿನಲ್ಲಿರುವ ಕಾರ್ಡ್, ಗಾಜಿನ ಮೇಲೆ ಕಾಣುವಂಥದ್ದಲ್ಲ. ಅಂಗಡಿಯಲ್ಲಿ ಸಿಗುವ ಗಾಲಿಕುರ್ಚಿ ಸ್ಟಿಕರನ್ನು ಯಾರು ಬೇಕಾದರೂ ಅಂಟಿಸಬಹುದು. ಮೋಟಾರು ವಾಹನ ಕಾಯ್ದೆಯಲ್ಲಿ ‘ಅಡಾಪ್ಟೆಡ್ ವೆಹಿಕಲ್’ (ಅಂಗವಿಕಲರಿಗಾಗಿ ಮಾರ್ಪಡಿಸಿದ ಗಾಡಿ) ಎಂಬ ವ್ಯಾಖ್ಯೆ ಇದೆ, 2020ರ ಅಕ್ಟೋಬರಿನಲ್ಲಿ ನೋಂದಣಿಯ ನಮೂನೆ 20ಕ್ಕೆ ದಿವ್ಯಾಂಗಜನ ಎಂಬ ಒಡೆತನದ ವರ್ಗವೂ ಸೇರಿತು. ಇವೆರಡೂ ಗಾಡಿಗೆ ಸೇರಿದವು. ಮಗನ ಕಾರಿನಲ್ಲಿ ಬರುವ ಪಾರ್ಶ್ವವಾಯು ಪೀಡಿತ ತಂದೆಗೆ ಇವುಗಳಿಂದ ಏನೂ ಸಿಗದು. ಇಲ್ಲಿ ಮೇಲೆ ಹೇಳಿದ ಮಾತು, ಹಕ್ಕು ವ್ಯಕ್ತಿಯದ್ದು ಎಂಬುದು, ನಮ್ಮ ಪಾರ್ಕಿಂಗಿಗೆ ಇನ್ನೂ ಬಂದಿಲ್ಲ.

ಕಟ್ಟಡನಕ್ಷೆ:
ಇನ್ನೊಂದು ಸೇರಿಸುತ್ತೇನೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2016ರ ಆ ಅಧಿನಿಯಮದಡಿ ಮಾಡಿದ 2017ರ ನಿಯಮಗಳ 15(1)ನೇ ನಿಯಮವು ಮೂಲ ಕಾಯ್ದೆಗೆ ವಿರುದ್ಧ ಎಂದಿತು. ಕಾಯ್ದೆ ಕಡ್ಡಾಯ ಎನ್ನುತ್ತದೆ, ನಿಯಮ ಮಾತ್ರ ಅದನ್ನು ಬರೀ ಮಾರ್ಗಸೂಚಿಗಳ ಮಟ್ಟಕ್ಕೆ ಇಳಿಸಿತ್ತು. ಬಿಟ್ಟುಕೊಡಲಾಗದ ಕಡ್ಡಾಯ ಅಂಶಗಳನ್ನು ಬೇರ್ಪಡಿಸಿ ಮೂರು ತಿಂಗಳಲ್ಲಿ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಸೂಚಿಸಿತು. ದೂರು ಬರೆಯುವವರು ಈ ತೀರ್ಪನ್ನು ಹೆಸರಿಸಿ ಬರೆಯಿರಿ.

ಬಿಳಿಗೆರೆ:
ದೂರು ಕೊಡುವುದು ಯಾರಿಗೆ? ಮಾಲಿನ ಮ್ಯಾನೇಜರಿಗೆ ಹೇಳಿದರೆ ತಲೆಯಾಡಿಸಿ ಕಳಿಸುತ್ತಾರೆ ಅಷ್ಟೆ.

ತುಂಗಾತೀರ:
ಎರಡು ದಾರಿ, ಎರಡನ್ನೂ ಬೆರೆಸಬೇಡಿ.

ರಸ್ತೆಯಲ್ಲಿ ಕಾಯ್ದಿಟ್ಟ ಜಾಗವನ್ನು ಬೇರೆ ಗಾಡಿ ಹಿಡಿದಿದ್ದರೆ ಅದು ಸಂಚಾರ ಪೊಲೀಸರ ಕೆಲಸ. ನಿಷೇಧಿತ ಜಾಗದಲ್ಲಿ ನಿಂತ ಗಾಡಿಯನ್ನು ಎಳೆದೊಯ್ಯಲು, ಚಕ್ರಕ್ಕೆ ಬೀಗ ಹಾಕಲು ಮೋಟಾರು ವಾಹನ ಕಾಯ್ದೆಯ 127ನೇ ಪ್ರಕರಣ ಅವರಿಗೆ ಅಧಿಕಾರ ಕೊಡುತ್ತದೆ. ಆದರೆ ಕಂಬದಲ್ಲಿ ಫಲಕ ಇರಬೇಕು. ನೆಲದ ಬಣ್ಣ ಮಾತ್ರ ಇದ್ದರೆ ದಂಡಕ್ಕೆ ಒಳಗಾದವರು ಕಾಣಲಿಲ್ಲ ಎನ್ನುತ್ತಾರೆ, ಮಳೆಗಾಲ ಕಳೆದ ಮೇಲೆ ಬಣ್ಣವೂ ಉಳಿದಿರುವುದಿಲ್ಲ.

ಕಟ್ಟಡದಲ್ಲಿ ಜಾಗವೇ ಇಲ್ಲ, ಅಥವಾ ಇದ್ದ ಜಾಗದಲ್ಲಿ ಜನರೇಟರ್ ಇಟ್ಟಿದ್ದಾರೆ ಎಂದರೆ 2016ರ ಅಧಿನಿಯಮದಡಿ ನೇಮಕವಾದ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆಯಬೇಕು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಜನರನ್ನು ಕರೆಸಲು, ದಾಖಲೆ ತರಿಸಲು 82ನೇ ಪ್ರಕರಣದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಅವರ ಶಿಫಾರಸನ್ನು ಒಪ್ಪದ ಪ್ರಾಧಿಕಾರ ಮೂರು ತಿಂಗಳೊಳಗೆ ಕಾರಣ ತಿಳಿಸಬೇಕು. ಕಾಯ್ದೆ ಮುರಿದದ್ದಕ್ಕೆ 89ನೇ ಪ್ರಕರಣದಲ್ಲಿ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ ದಂಡ.

ದೂರು ಗಟ್ಟಿಯಾಗಬೇಕಾದರೆ ಅಳತೆ ಬೇಕು. ಟೇಪ್ ಹಿಡಿದು ಜಾಗದ ಅಗಲ ಅಳೆಯಿರಿ, ಟೇಪಿನ ಅಂಕಿ ಓದಲು ಆಗುವಂತೆ ಫೋಟೊ ತೆಗೆಯಿರಿ. ಲಿಫ್ಟಿನವರೆಗಿನ ದೂರ ಎಷ್ಟು ಮೀಟರ್, ನಡುವೆ ಎಷ್ಟು ಮೆಟ್ಟಿಲು, ಎಷ್ಟು ಎತ್ತರದ ಹೊಸ್ತಿಲು ಎಂದು ಬರೆಯಿರಿ. ಬೇರೆ ಬೇರೆ ದಿನದ ಎರಡು ಮೂರು ಫೋಟೊ ಇದ್ದರೆ, ಅವತ್ತು ಮಾತ್ರ ಹಾಗಾಗಿತ್ತು ಎಂಬ ಉತ್ತರಕ್ಕೆ ಜಾಗ ಉಳಿಯುವುದಿಲ್ಲ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಪಾಲಿಕೆಯಿಂದ ಮಂಜೂರಾದ ನಕ್ಷೆಯ ಪಾರ್ಕಿಂಗ್ ಹಾಳೆಯ ಪ್ರತಿ ಕೇಳಿ. ನಕ್ಷೆಯಲ್ಲಿ ಎರಡು ಜಾಗ ತೋರಿಸಿ ನೆಲದಲ್ಲಿ ಒಂದೂ ಇಲ್ಲದಿದ್ದರೆ, ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ದಂಡಪಟ್ಟಿ:
ಮಾಲು, ಅಪಾರ್ಟ್‌ಮೆಂಟಿನ ವಿಷಯದಲ್ಲಿ ಇಲ್ಲಿನ ಅನುಕೂಲವೂ ಅದೇ ಥರ ಫಲಕದ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಅಂಗಡಿಯ ಅಂಗಳದ ನೀಲಿ ಜಾಗಕ್ಕೂ ಪೊಲೀಸರು ಟಿಕೆಟ್ ಹಾಕಬಹುದು, ಮಾಲೀಕರು ಗಾಡಿ ಎಳೆಸಬಹುದು. ಆದರೆ ಸೆಕ್ಷನ್ 22511.8 ಹೇಳುವ ಗುರುತು ಮತ್ತು ಫಲಕ ಸರಿಯಾಗಿರಬೇಕು. ಸಂಘದ ಕಟ್ಟಡದಲ್ಲಿ ಬಣ್ಣ ಮಾಸಿದ್ದರೆ, ಗಾಡಿ ಎಳೆಯುವಲ್ಲಿ ಬೇಕಾದ ಎಚ್ಚರಿಕೆ ಫಲಕ ಬಿದ್ದುಹೋಗಿದ್ದರೆ ಮುಂದಿನ ಹಬ್ಬದ ಮೊದಲು ಸರಿ ಮಾಡಿಸಿ. ಜನ ಸೇರುವ ದಿನವೇ ಆ ಜಾಗ ಬೇಕಾಗುವುದು.

ಹೊಂಗೆನೆರಳು:
ಬೇರೆ ರಾಜ್ಯಕ್ಕೆ ಹೋಗುವವರು ಕೇಳುತ್ತಿದ್ದರು. ಒಂದು ರಾಜ್ಯದ ಪ್ಲಕಾರ್ಡನ್ನು ಇನ್ನೊಂದು ರಾಜ್ಯ ಮಾನ್ಯ ಮಾಡಬೇಕೆಂಬ ಏಕರೂಪ ವ್ಯವಸ್ಥೆ 1991ರ ಫೆಡರಲ್ ನಿಯಮದಿಂದ ಬಂದಿದೆ. ಕಾಯ್ದಿಟ್ಟ ಜಾಗದಲ್ಲಿ ನಿಲ್ಲಿಸುವುದಕ್ಕೆ ತೊಂದರೆಯಿಲ್ಲ. ಮೀಟರ್ ಪುಕ್ಕಟೆಯೇ ಎಂಬುದು ಮಾತ್ರ ಆಯಾ ರಾಜ್ಯ, ಆಯಾ ನಗರದ ವಿಷಯ. ಪೋರ್ಟ್‌ಲ್ಯಾಂಡಿಗೆ ಹೋದಾಗ ಕ್ಯಾಲಿಫೋರ್ನಿಯಾದ ಲೆಕ್ಕ ಹಿಡಿದು ಮೀಟರ್ ಬಿಟ್ಟು ನಡೆಯಬೇಡಿ, ಕಂಬದ ಮೇಲಿನ ಫಲಕ ಓದಿ.